ಬೈಕ್ ಟ್ಯೂನಿಂಗ್: ನಮ್ಮ ಕಡೆಯ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹಗಲು ಕೆಲಸ ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ. ಸಂಜೆ ಮನೆಯ ಹಿಂದಿನ ಶೆಡ್ಡಿನಲ್ಲಿ ಯಾವುದಾದರೂ ಗಾಡಿ ಬಿಚ್ಚಿಕೊಂಡು ಕೂತಿರುತ್ತೇನೆ. ಊರು ಜಮಖಂಡಿ ಕಡೆ, ತಂಗಿಯನ್ನು ಕೊಟ್ಟಿದ್ದು ವಿಜಯಪುರಕ್ಕೆ. ಹಾಗಾಗಿ ಮೂರೂ ಜಿಲ್ಲೆಯ ರಸ್ತೆ, ಬಿಸಿಲು, ಧೂಳು ನನಗೆ ಗೊತ್ತು. ಹತ್ತು ಜನ ಹತ್ತು ಸಲ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

ಟ್ಯೂನಿಂಗ್ ಅಂದ್ರ ಸೈಲೆನ್ಸರ್ ಬದಲಿ ಮಾಡೋದಲ್ಲೇನ್ರಿ?

ಅಲ್ಲ. ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಸಪ್ಪಳ ಜಾಸ್ತಿ ಆಗುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಬಹಳ ಸಲ ಕಡಿಮೆಯೇ ಆಗುತ್ತದೆ. ಕಂಪನಿ ಕೊಟ್ಟ ಪೈಪಿನ ಉದ್ದ, ಒಳಗಿನ ತಡೆ ಎಲ್ಲವನ್ನೂ ಆ ಇಂಜಿನ್ನಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಸಪ್ಪಳ, ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಮಲಗಿದ ಕೂಸು ಎದ್ದು ಅಳುವಂತೆ ಓಣಿಯಲ್ಲಿ ಗಾಡಿ ಹೊಡೆಯುವುದಕ್ಕೆ ನಾನಂತೂ ಕೈ ಜೋಡಿಸುವುದಿಲ್ಲ.

ಇಂಜಿನ್ನು ತನ್ನ ಪೂರ್ತಿ ಶಕ್ತಿ ಕೊಡುವ ಹಾಗೆ ಮಾಡುವುದು, ಆ ಶಕ್ತಿಯನ್ನು ಚಕ್ರ ನೆಲ ಬಿಡದೆ ರಸ್ತೆಗೆ ಇಳಿಸುವ ಹಾಗೆ ಶಾಕಪ್ ಕೂರಿಸುವುದು, ಇದೇ ಟ್ಯೂನಿಂಗ್. ನಮ್ಮ ರಸ್ತೆಗಳಲ್ಲಿ ಎರಡನೆಯದರ ಲಾಭವೇ ಜಾಸ್ತಿ.

ಗಾಡಿ ಮೊದ್ಲಿನಂಗ ಎಳೀವಲ್ದು. ಎಲ್ಲಿಂದ ನೋಡ್ಲಿ?

ದುಡ್ಡು ಖರ್ಚಾಗದ ಕಡೆಯಿಂದ ನೋಡಿ. ಮೊದಲು ಹವಾ. ಟೈರು ತಣ್ಣಗಿದ್ದಾಗ, ಚೈನ್ ಕವರಿನ ಮೇಲಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಹಾಕಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಎರಡು ಮೂರು ಸುತ್ತು ಹಗುರಾಗಿ ತಿರುಗದಿದ್ದರೆ ಬ್ರೇಕ್ ಹಿಡಿದಿದೆ, ಇಲ್ಲವೇ ಚೈನ್ ಬಿಗಿ ಇದೆ, ಇಲ್ಲವೇ ಬೇರಿಂಗ್ ಹೋಗಿದೆ. ಚೈನಿನ ನಡುಭಾಗ ಮೇಲೆ ಕೆಳಗೆ ಸುಮಾರು 25ರಿಂದ 30 ಮಿಲಿಮೀಟರ್ ಆಡಬೇಕು. ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ನೋಡಿ. ಸವೆದ ಚೈನ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇರುತ್ತದೆ.

ನಂತರ ಕ್ಲಚ್. ಲಿವರ್ ತುದಿಯಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಕೇಬಲ್ ಬಿಗಿದಿದ್ದರೆ ಕ್ಲಚ್ ಅರ್ಧ ಜಾರುತ್ತಲೇ ಇರುತ್ತದೆ. ಇಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಇಷ್ಟಾದ ಮೇಲೆ ಏರ್ ಫಿಲ್ಟರ್, ಪ್ಲಗ್, ಟ್ಯಾಪೆಟ್ (ಇಂಜಿನ್ನಿನ ವಾಲ್ವ್ ಒತ್ತಿ ತೆರೆಯುವ ಭಾಗ). ನನ್ನ ಹತ್ತಿರ ಬರುವ "ಇಂಜಿನ್ ಹೋಗೇತಿ" ಗಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಪಟ್ಟಿಯೊಳಗೇ ಸರಿಯಾಗುತ್ತವೆ.

ಟ್ಯಾಪೆಟ್ ಸಪ್ಪಳ ಬರ್ತದ. ಪೂರಾ ಸಪ್ಪಳ ಹೋಗೋವರೆಗೂ ಟೈಟ್ ಮಾಡ್ಸಲೇನು?

ದಯವಿಟ್ಟು ಬೇಡ. ಕಿವಿಯಿಂದ ಟ್ಯಾಪೆಟ್ ಕೂರಿಸುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ವಾಲ್ವ್ ತನ್ನ ಸೀಟಿನ ಮೇಲೆ ಗಟ್ಟಿಯಾಗಿ ಕೂತಾಗಲೇ ತನ್ನ ಬಿಸಿಯನ್ನು ಹೆಡ್‌ಗೆ ದಾಟಿಸುವುದು. ಟ್ಯಾಪೆಟ್ಟಿಗೂ ವಾಲ್ವಿಗೂ ನಡುವೆ ಗ್ಯಾಪ್ ಇಲ್ಲದ ಹಾಗೆ ಬಿಗಿದರೆ, ಬಿಸಿಗೆ ವಾಲ್ವ್ ಉದ್ದವಾದಾಗ ಪೂರ್ತಿ ಮುಚ್ಚುವುದಿಲ್ಲ. ಬಿಸಿ ಹೋಗಲು ದಾರಿ ಸಿಗದೆ ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟು ಹೋಗುತ್ತದೆ. ಸಣ್ಣ ಟಿಕ್ ಟಿಕ್ ಸಪ್ಪಳ ಇದ್ದರೆ ಇಂಜಿನ್ ಆರೋಗ್ಯವಾಗಿದೆ ಅಂದುಕೊಳ್ಳಿ.

ರಾತ್ರಿಯಿಡೀ ತಣ್ಣಗಾದ ಇಂಜಿನ್ನಿನಲ್ಲಿ, ಪಿಸ್ಟನ್ನು ಕಂಪ್ರೆಶನ್ ಹೊಡೆತದ ತುದಿಗೆ ಬಂದಾಗ, ಫೀಲರ್ ಗೇಜ್ ಹಾಕಿ ಕೈಪಿಡಿಯಲ್ಲಿ ಇರುವಷ್ಟೇ ಗ್ಯಾಪ್ ಕೊಡಿ. 2009ರ ನಂತರ ಬಂದ, ಯುಸಿಇ (ಇಂಜಿನ್, ಗೇರ್‌ಬಾಕ್ಸ್ ಒಂದೇ ಡಬ್ಬಿಯಲ್ಲಿರುವ) ಇಂಜಿನ್ನಿನ ಹಳೆಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದ್ದರೆ ಆ ಕೆಲಸವೇ ಇಲ್ಲ. ಅದರ ಹೈಡ್ರಾಲಿಕ್ ಟ್ಯಾಪೆಟ್ ತಾನೇ ಹೊಂದಿಕೊಳ್ಳುತ್ತದೆ.

ಕಾರಿಗೆ ತಂದ ಆಯಿಲ್ ಉಳಿದೈತಿ. ಬೈಕಿಗೆ ಹಾಕಿದ್ರ ನಡೀತದಾ?

ನಡೆಯುವುದಿಲ್ಲ. ಬೈಕಿನ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲಿನಲ್ಲಿ ಜಾರುವ ಗುಣದ ಮದ್ದು ಸೇರಿಸಿರುತ್ತಾರೆ, ಅದರಿಂದ ಕ್ಲಚ್ ಜಾರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 (JASO MA, MA2) ಅಂತ ಇದೆಯಾ ನೋಡಿ, ಅದು ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು. ಕೈಪಿಡಿಯಲ್ಲಿ ಹೇಳಿದ ಗ್ರೇಡ್ ಬಿಟ್ಟು ಸುಮ್ನೆ ದಪ್ಪ ಆಯಿಲ್ ಹಾಕಬೇಡಿ.

ಬ್ಯಾಸಿಗ್ಯಾಗ ವಿಜಯಪುರದಾಗ ಗಾಡಿ ಸತ್ತಂಗ ಆಗ್ತದ. ಅದೇ ಗಾಡಿ ಬೆಳಗಾವಿಗೆ ಬಂದ್ರ ಹಗುರ ಓಡ್ತದ. ಇದು ನನ್ನ ಭ್ರಮೆನಾ?

ಭ್ರಮೆ ಅಲ್ಲ, ಗಾಳಿಯ ಲೆಕ್ಕ. ಇಂಜಿನ್ ಪ್ರತಿ ಉಸಿರಿಗೆ ಎಳೆದುಕೊಳ್ಳುವ ಜಾಗ ಅಷ್ಟೇ, ಆದರೆ ಬಿಸಿ ಗಾಳಿ ತೆಳು. ವಿಜಯಪುರದ ಮೇ ಮಧ್ಯಾಹ್ನ 42 ಡಿಗ್ರಿ, ಬೆಳಗಾವಿಯ ಬೆಳಗಿನ ಹೊತ್ತು 22 ಡಿಗ್ರಿ ಅಂತ ಇಟ್ಟುಕೊಳ್ಳಿ. ಅದೇ ಜಾಗದಲ್ಲಿ ಹಿಡಿಯುವ ಗಾಳಿ ವಿಜಯಪುರದಲ್ಲಿ ಶೇಕಡಾ 6ರಷ್ಟು ಕಡಿಮೆ. ಬೆಳಗಾವಿ ವಿಜಯಪುರಕ್ಕಿಂತ ಸುಮಾರು 150 ಮೀಟರ್ ಎತ್ತರದಲ್ಲಿದೆಯಲ್ಲ ಅಂತ ಕೇಳಬಹುದು. ಆ ಎತ್ತರಕ್ಕೆ ಗಾಳಿ ತೆಳುವಾಗುವುದು ಶೇಕಡಾ 2ಕ್ಕಿಂತ ಕಡಿಮೆ. ಬಿಸಿಲೇ ಗೆಲ್ಲುತ್ತದೆ.

ಇದಕ್ಕೆ ಔಷಧಿ ಇಲ್ಲ. ಸಿಲಿಂಡರಿನ ರೆಕ್ಕೆಗಳ ನಡುವೆ ಒಣಗಿದ ಎರೆ ಮಣ್ಣು ಕೂತಿದ್ದರೆ ತೊಳೆಯಿರಿ. ಮಣ್ಣು ಕಂಬಳಿಯ ಹಾಗೆ ಬಿಸಿ ಹಿಡಿದಿಡುತ್ತದೆ.

ಇ20 ಪೆಟ್ರೋಲ್ ಬಂದ ಮ್ಯಾಲೆ ಮೈಲೇಜ್ ಬಿತ್ತು. ಇಂಜಿನ್ನೂ ಕೆಡ್ತದೇನು?

ಇ20 ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ನಮ್ಮ ಕಬ್ಬಿನಿಂದಲೇ ಎಥೆನಾಲ್ ಆಗುತ್ತದೆ, ಹಾಗಾಗಿ ಈ ಪ್ರಶ್ನೆ ಕೇಳುವಾಗ ರೈತರ ದನಿಯಲ್ಲಿ ಸ್ವಲ್ಪ ಸಂಕಟವೂ ಇರುತ್ತದೆ. ನೇರವಾಗಿ ಹೇಳುತ್ತೇನೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಐದರಲ್ಲಿ ಒಂದು ಭಾಗ ಅದೇ ಇದ್ದಾಗ ಒಟ್ಟು ಶಕ್ತಿ ಶೇಕಡಾ 6-7 ಕಡಿಮೆಯಾಗುತ್ತದೆ. ಮೈಲೇಜ್ ಸ್ವಲ್ಪ ಬೀಳುವುದು ಸಹಜ.

ಹೊಸ ಗಾಡಿಗಳಲ್ಲಿ ಸೆನ್ಸರ್ ನೋಡಿ ಇಂಧನ ಹೊಂದಿಸಿಕೊಳ್ಳುತ್ತದೆ. ಕಾರ್ಬೊರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿಗೆ ಆ ಬುದ್ಧಿ ಇಲ್ಲ. ತೂಕದಲ್ಲಿ ಒಂದು ಭಾಗ ಶುದ್ಧ ಪೆಟ್ರೋಲಿಗೆ 14.7 ಭಾಗ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಹಳೆಯ ಜೆಟ್‌ನಲ್ಲೇ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಓಡಿಸಿದರೆ ಮಿಶ್ರಣ ಬಡವಾಗುತ್ತದೆ, ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ, ಇಂಜಿನ್ ಬಿಸಿಯಾಗುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದಾಗ ಬಹಳ ಗಾಡಿಗಳು ಸಮಾಧಾನಕ್ಕೆ ಬಂದಿವೆ. ಹಳೆಯ ರಬ್ಬರ್ ಪೈಪ್, ಒ-ರಿಂಗ್ ಬಿರಿದಿದ್ದರೆ ಬದಲಿಸಿ. ಎಥೆನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಕಾರ್ಬೊರೇಟರ್ ಬಟ್ಟಲು ಖಾಲಿ ಮಾಡಿ ನಿಲ್ಲಿಸಿ.

## ಇಂಜಿನ್: ಸ್ವಲ್ಪ ಒಳಗೆ

ಏರ್ ಫಿಲ್ಟರ್ ತಗದು ಓಡ್ಸಿದ್ರ ಪಿಕಪ್ ಜಾಸ್ತಿ ಆಗ್ತದಂತ, ಹೌದಾ?

ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆ ಬದಿಯ ಗಿಡಗಳ ಎಲೆ ನೋಡಿ. ಆ ಬೂದಿ ಬಣ್ಣದ ಧೂಳು ಪಿಸ್ಟನ್ನಿಗೂ ಬೋರಿಗೂ ನಡುವೆ ಹೋದರೆ ಸಾಣೆ ಹಿಡಿದ ಹಾಗೆ. ರಿಂಗು ಸವೆದು, ಗಾಡಿ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತದೆ. ಫಿಲ್ಟರ್ ತೆಗೆಯಲೇಬೇಡಿ. ಕಂಪನಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಬದಲಿಸಿ.

ಕಾರ್ಬೊರೇಟರ್ ಸ್ಕ್ರೂ ಎಷ್ಟು ಸುತ್ತು ಬಿಚ್ಚಬೇಕು?

ಎಲ್ಲ ಗಾಡಿಗೂ ಒಂದೇ ಉತ್ತರ ಇಲ್ಲ. ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆಯಿಂದ ಎರಡು ಸುತ್ತು ಹೊರಗೆ ತೆಗೆದು ಶುರು ಮಾಡಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತಾ ಐಡಲ್ (ಎಕ್ಸಲೇಟರ್ ಮುಟ್ಟದೆ ಇಂಜಿನ್ ತಿರುಗುವ ವೇಗ) ಎಲ್ಲಿ ಅತಿ ಹೆಚ್ಚು ಏರುತ್ತದೋ ಅಲ್ಲಿ ನಿಲ್ಲಿಸಿ. ಆಮೇಲೆ ಐಡಲ್ ಸ್ಕ್ರೂನಿಂದ ಕೆಳಗಿಳಿಸಿ. ಸ್ಕ್ರೂ ಫಿಲ್ಟರಿನ ಕಡೆ ಇದ್ದರೆ ಅದು ಗಾಳಿಯದು, ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಇಂಜಿನ್ ಕಡೆ ಇದ್ದರೆ ಪೆಟ್ರೋಲಿನದು, ಹೊರಗೆ ತೆಗೆದರೆ ಜಾಸ್ತಿ. ಇದನ್ನು ಅದಲು ಬದಲು ಮಾಡಿಕೊಂಡು ಇಡೀ ದಿನ ಕಳೆದವರನ್ನು ನೋಡಿದ್ದೇನೆ.

ಈ ಸ್ಕ್ರೂ ಕೆಲಸ ಮಾಡುವುದು ಐಡಲ್‌ನಿಂದ ಸ್ವಲ್ಪ ಮೇಲಿನವರೆಗೆ ಮಾತ್ರ. ಎಕ್ಸಲೇಟರ್ ಕಾಲು ಭಾಗದಿಂದ ಮುಕ್ಕಾಲರವರೆಗೆ ಕಾರ್ಬೊರೇಟರ್ ಒಳಗಿನ ಸೂಜಿಯ ಆಟ, ಅದರ ಮೇಲೆ ಮೇನ್ ಜೆಟ್ಟಿನದು. ಸೂಜಿಯ ಕ್ಲಿಪ್ ಒಂದು ಗೀರು ಕೆಳಗೆ ಹಾಕಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಗಾಡಿ ಎಲ್ಲಿ ಮುಗ್ಗರಿಸುತ್ತದೆ ಅಂತ ಗೊತ್ತಾಗಬೇಕಾದರೆ ಎಕ್ಸಲೇಟರ್ ಹಿಡಿಕೆಗೆ ಒಂದು ಚೂರು ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಮಾಡಿ ಓಡಿಸಿ.

ನನ್ನದು ಬಿಎಸ್6 ಗಾಡಿ. ಎಫ್‌ಐ ಅಂದ್ರ ಏನೂ ಮಾಡಾಕ ಬರಂಗಿಲ್ಲೇನು?

ಎಫ್‌ಐ ಅಂದರೆ ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಹೊಸ ಹೊಗೆ ನಿಯಮದ ಬಿಎಸ್6 ಗಾಡಿಗಳಲ್ಲಿ ಇರುವುದು. ಅದಕ್ಕೂ ಮಾಡಲು ಬರುತ್ತದೆ, ಆದರೆ ಸ್ಕ್ರೂ ಡ್ರೈವರ್‌ನಿಂದ ಅಲ್ಲ. ಥ್ರಾಟಲ್ ಬಾಡಿಯ ಮಸಿ ತೆಗೆಯಿರಿ, ರಬ್ಬರ್ ಜಾಯಿಂಟಿನಲ್ಲಿ ಗಾಳಿ ಸೋರುತ್ತಿದೆಯಾ ನೋಡಿ, ಬ್ಯಾಟರಿ ಗಟ್ಟಿ ಇರಲಿ. ಬ್ಯಾಟರಿ ಸೋತರೆ ಇಂಜೆಕ್ಟರ್ ಮತ್ತು ಪಂಪು ಎರಡೂ ತಡವರಿಸುತ್ತವೆ. ಅಗ್ಗದ "ಪವರ್ ಬಾಕ್ಸ್" ತಂದು ಸಿಕ್ಕಿಸಬೇಡಿ. ಅವುಗಳಲ್ಲಿ ಬಹಳಷ್ಟು ಬರೀ ಒಂದು ರೆಸಿಸ್ಟರ್. ಗಾಳಿ ತಣ್ಣಗಿದೆ ಅಂತ ಇಸಿಯುಗೆ (ಗಾಡಿಯ ಕಂಪ್ಯೂಟರಿಗೆ) ಸುಳ್ಳು ಹೇಳಿ ಪೆಟ್ರೋಲ್ ಜಾಸ್ತಿ ಸುರಿಸುತ್ತವೆ. ಹಗುರ ಎಕ್ಸಲೇಟರಿನಲ್ಲಿ ಆಕ್ಸಿಜನ್ ಸೆನ್ಸರ್ ಅದನ್ನು ಮತ್ತೆ ಸರಿಪಡಿಸಿಬಿಡುತ್ತದೆ. ನಿಜವಾದ ಮ್ಯಾಪಿಂಗ್ (ಇಸಿಯುನ ಇಂಧನದ ಲೆಕ್ಕ ಬದಲಿಸುವುದು) ಡೈನೋ ಅನ್ನುವ ಶಕ್ತಿ ಅಳೆಯುವ ಯಂತ್ರದ ಮೇಲೆ, ಮಿಶ್ರಣ ಅಳೆಯುತ್ತಾ ಮಾಡುವ ಕೆಲಸ.

ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಡಿಮಿ ಹಾಕ್ಸಿದ್ರ ಹೆಂಗ?

ಏರು ಹತ್ತುವವರಿಗೆ, ಹಿಂದೆ ಭಾರ ಹಾಕುವವರಿಗೆ ಒಳ್ಳೆಯ, ಅಗ್ಗದ ಬದಲಾವಣೆ. 14 ಹಲ್ಲಿನ ಜಾಗದಲ್ಲಿ 13 ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಶೇಕಡಾ 7.7ರಷ್ಟು ಹೆಚ್ಚು. ಆದರೆ ಅದೇ ವೇಗಕ್ಕೆ ಇಂಜಿನ್ನೂ ಅಷ್ಟೇ ಹೆಚ್ಚು ತಿರುಗಬೇಕು. ಮೊದಲು 5,000 ಆರ್‌ಪಿಎಂನಲ್ಲಿ ಹೋಗುತ್ತಿದ್ದ ವೇಗಕ್ಕೆ ಈಗ ಸುಮಾರು 5,400 ಬೇಕು. ಬೆಳಗಾವಿಯಿಂದ ಧಾರವಾಡಕ್ಕೆ ದಿನಾ ಹೈವೇ ಹಿಡಿಯುವವರು ಹಾಕಿಸಬೇಡಿ. ಸ್ಪೀಡೋಮೀಟರ್ ಮುಂದಿನ ಚಕ್ರದಿಂದ ಓಡುತ್ತಿದ್ದರೆ ಲೆಕ್ಕ ತಪ್ಪುವುದಿಲ್ಲ, ಗೇರ್‌ಬಾಕ್ಸಿನಿಂದ ಓಡುತ್ತಿದ್ದರೆ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ.

ಹೆಡ್ ಕಟ್ ಮಾಡ್ಸಿ ಕಂಪ್ರೆಶನ್ ಏರಿಸ್ಬೇಕಂತೀನಿ. ಎಷ್ಟು ತಗೀಬೇಕು?

ಮೊದಲು ಲೆಕ್ಕ ಮಾಡಿ. 100 ಸಿಸಿ ಇಂಜಿನ್, ಕಂಪ್ರೆಶನ್ 9 (ಒಳಗಿನ ಮಿಶ್ರಣ ಒಂಬತ್ತನೇ ಒಂದು ಭಾಗದ ಜಾಗಕ್ಕೆ ಒತ್ತುವುದು) ಅಂದರೆ ಪಿಸ್ಟನ್ ಮೇಲೆ ಉಳಿಯುವ ಜಾಗ 12.5 ಸಿಸಿ. ಹೆಡ್ ಕಟ್ ಮಾಡಿ ಬರೀ 1 ಸಿಸಿ ಕಡಿಮೆ ಮಾಡಿದರೆ ಕಂಪ್ರೆಶನ್ 9.7ಕ್ಕೆ ಏರುತ್ತದೆ. ಕೂದಲೆಳೆಯಷ್ಟು ಲೋಹ ತೆಗೆದರೂ ದೊಡ್ಡ ಬದಲಾವಣೆ. ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ, ಟೈಮಿಂಗ್ ಚೈನಿನ ಉದ್ದ ಹಾಗೇ ಇರುವುದರಿಂದ ವಾಲ್ವ್ ತೆರೆಸುವ ಕ್ಯಾಮಿನ ಟೈಮಿಂಗ್ ಕೂಡ ಸ್ವಲ್ಪ ಹಿಂದೆ ಬೀಳುತ್ತದೆ.

ನಾನು ಇದನ್ನು ಸ್ವಂತ ಗಾಡಿಯಲ್ಲಿ ಮಾಡಿ ಕಲಿತೆ. 150 ಸಿಸಿ ಗಾಡಿಯ ಹೆಡ್ ಕಟ್ ಮಾಡಿದೆ. ಮಳೆಗಾಲದ ಬೆಳಗಾವಿಯಲ್ಲಿ ಆರು ತಿಂಗಳು ಬಂಗಾರದ ಹಾಗೆ ಓಡಿತು. ಮೇ ತಿಂಗಳಲ್ಲಿ ತಂಗಿಯ ಮನೆಗೆ ಹೊರಟೆ. ಬೀಳಗಿ ದಾಟಿದ ಮೇಲೆ ಎಕ್ಸಲೇಟರ್ ಕೊಟ್ಟಾಗೆಲ್ಲ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂಥ ಸಪ್ಪಳ. ಅದು ನಾಕಿಂಗ್, ಕಿಡಿ ಹೊತ್ತಿಸಿದ ಬೆಂಕಿ ತಲುಪುವ ಮೊದಲೇ ಉಳಿದ ಪೆಟ್ರೋಲ್ ತಾನಾಗಿ ಸಿಡಿಯುವುದು. ನನಗೆ ಗೊತ್ತಿತ್ತು, ಆದರೂ ಇನ್ನು ಸ್ವಲ್ಪವೇ ದಾರಿ ಅಂತ ಓಡಿಸಿದೆ. ಕೊಲ್ಹಾರದ ಸೇತುವೆ ದಾಟುವಷ್ಟರಲ್ಲಿ ಗಾಡಿ ನಿಂತಿತು. ಬಿಚ್ಚಿದಾಗ ಪಿಸ್ಟನ್ ತಲೆಯಲ್ಲಿ ತೂತು. ಆ ಪಿಸ್ಟನ್ ಈಗಲೂ ಶೆಡ್ಡಿನ ಕಿಟಕಿಯಲ್ಲಿ ಇಟ್ಟಿದ್ದೇನೆ. ಈ ಪ್ರಶ್ನೆ ಕೇಳಿದವರ ಕೈಗೆ ಮೊದಲು ಅದನ್ನು ಕೊಡುತ್ತೇನೆ.

ರೇಸಿಗೆ ಅಂತ ಬೇರೆ ಗಾಡಿ ಇದ್ದರೆ ಮಾಡಿ. ಬಿಸಿಲಲ್ಲಿ ದಿನಾ ಓಡುವ ಗಾಡಿಗೆ ಬೇಡ.

ಅಪ್ಪನ ಆರ್‌ಎಕ್ಸ್100 ಐತಿ. ಪೋರ್ಟ್ ಕೆತ್ತಿಸಲೇನು?

1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ, 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಡುತ್ತಿದ್ದ ಯಮಹಾ ಗಾಡಿ ಅದು. ಮೂಲ ಸಿಲಿಂಡರ್ ಉಳಿದಿದ್ದರೆ ಅದಕ್ಕೆ ಅರ ತಾಗಿಸಬೇಡಿ. ಎಕ್ಸಾಸ್ಟ್ ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಹೊಗೆ ಹೊರಹೋಗುವ ತೂತು) ಎತ್ತರಿಸಿದರೆ ಶಕ್ತಿ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ಊರೊಳಗೆ ಓಡಿಸುವ ಎಳೆತ ಹೋಗುತ್ತದೆ. ಜಾಸ್ತಿ ಅಗಲ ಮಾಡಿದರೆ ರಿಂಗು ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ.

ಅದರ ಬದಲು ಸೈಲೆನ್ಸರ್ ಒಳಗಿನ ಮಸಿ ತೆಗೆಸಿ, ಮಿಶ್ರಣ ಒಳಬಿಡುವ ರೀಡ್ ವಾಲ್ವಿನ ಎಲೆಗಳ ಅಂಚು ಒಡೆದಿದೆಯಾ ಬೆಳಕಿಗೆ ಹಿಡಿದು ನೋಡಿ, ಕ್ರ್ಯಾಂಕಿನ ಎರಡೂ ಕಡೆಯ ಸೀಲ್ ಹೊಸದು ಹಾಕಿಸಿ. ಸೀಲ್ ಸೋರಿದರೆ ಗಾಳಿ ಒಳನುಗ್ಗಿ ಮಿಶ್ರಣ ಬಡವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಯಿಲ್ ಪಂಪಿನ ಕೇಬಲ್ ಗುರುತೂ ಸರಿ ಇರಲಿ.

## ಶಾಕಪ್ ಮತ್ತು ಫೋರ್ಕ್

ಹಿಂದಿನ ಶಾಕಪ್ ಗಟ್ಟಿ ಮಾಡಿದ್ರ ಗಾಡಿ ಚಲೋ ನಿಲ್ತದಲ್ಲ?

ಪಾನಾ ಹಾಕಿ ಕಟ್ಟು (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಮೆಟ್ಟಿಲಿನ ಉಂಗುರ) ತಿರುಗಿಸಿದಾಗ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ. ಇದನ್ನು ಒಪ್ಪಿಸುವುದೇ ನನಗೆ ದೊಡ್ಡ ಕೆಲಸ. ಸ್ಪ್ರಿಂಗಿನ ಬಿರುಸು ಅದರ ತಂತಿಯ ದಪ್ಪ, ಸುತ್ತು, ಅಗಲದ ಮೇಲೆ ಇರುತ್ತದೆ. ಕಟ್ಟು ತಿರುಗಿಸಿದರೆ ಬದಲಾಗುವುದು ನೀವು ಕೂತಾಗ ಗಾಡಿ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಅನ್ನೋದು. ಅತಿ ಜಾಸ್ತಿ ತಿರುಗಿಸಿದರೆ ಚಕ್ರಕ್ಕೆ ಕೆಳಗೆ ಇಳಿಯಲು ಜಾಗವೇ ಉಳಿಯುವುದಿಲ್ಲ. ತಗ್ಗು ಬಂದಾಗ ಚಕ್ರ ಗಾಳಿಯಲ್ಲಿ ತೇಲುತ್ತದೆ. ತೇಲುವ ಚಕ್ರಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ.

ಹಂಗಾರ ನನ್ನ ತೂಕಕ್ಕ ಎಷ್ಟು ಅಂತ ಹೆಂಗ ಗೊತ್ತಾಗ್ಬೇಕು?

ಅಳೆದು ನೋಡಬೇಕು. ಇಬ್ಬರು ಗೆಳೆಯರು, ಒಂದು ಟೇಪು ಸಾಕು. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲದಿಂದ ಎತ್ತಿ, ಆಕ್ಸಲಿನಿಂದ ಅದರ ನೇರ ಮೇಲಿನ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಗಾಡಿ ಇಳಿಸಿ, ಹೆಲ್ಮೆಟ್, ಜಾಕೆಟ್ ಎಲ್ಲ ಹಾಕಿಕೊಂಡು ಕೂತು, ಕಾಲು ಎರಡೂ ಫುಟ್‌ರೆಸ್ಟ್ ಮೇಲೆ ಇಡಿ. ಒಬ್ಬ ಗಾಡಿ ಹಿಡಿಯಲಿ, ಇನ್ನೊಬ್ಬ ಅಳೆಯಲಿ. ಒಮ್ಮೆ ಹಿಂಭಾಗ ಒತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ, ಇನ್ನೊಮ್ಮೆ ಎತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ. ಸೀಲಿನ ತಿಕ್ಕಾಟದಿಂದ ಎರಡೂ ಬೇರೆ ಬರುತ್ತವೆ. ನಡುವಿನದನ್ನು ಹಿಡಿಯಿರಿ.

ಮೊದಲ ಅಳತೆಗೂ ಇದಕ್ಕೂ ಇರುವ ವ್ಯತ್ಯಾಸವೇ ಸ್ಯಾಗ್. ಅದು ಚಕ್ರದ ಒಟ್ಟು ಓಟದ ಸುಮಾರು ಶೇಕಡಾ 30 ಇರಲಿ. ಮುಂದಿನ ಫೋರ್ಕ್ 130 ಮಿಲಿಮೀಟರ್ ಓಡುವುದಾದರೆ 35ರಿಂದ 40. ಹಿಂದೆ 100 ಓಡುವುದಾದರೆ 30.

ಇನ್ನೊಂದು ಗುಟ್ಟು ಇದೆ. ನೀವು ಕೂತಾಗ ಸ್ಯಾಗ್ ಸರಿ ಬರುತ್ತದೆ, ಆದರೆ ನೀವು ಇಳಿದ ಮೇಲೆ ಗಾಡಿ ತನ್ನ ತೂಕಕ್ಕೆ ಚೂರೂ ಕುಗ್ಗುವುದಿಲ್ಲ ಅಂದರೆ, ನಿಮ್ಮ ತೂಕಕ್ಕೆ ಸ್ಪ್ರಿಂಗ್ ಮೆತ್ತಗಾಯಿತು ಅಂತ ಅರ್ಥ. ಕಟ್ಟು ತಿರುಗಿಸಿ ಅದನ್ನು ಮುಚ್ಚಲು ಆಗುವುದಿಲ್ಲ. ಬಿರುಸಾದ ಸ್ಪ್ರಿಂಗೇ ಬೇಕು.

ಹಿಂದ ಎರಡು ಹಾಲಿನ ಕ್ಯಾನ್ ಕಟ್ತೀನ್ರಿ. ಮುಂದಿನ ಚಕ್ರ ಹಗುರ ಆಗಿ ಹ್ಯಾಂಡಲ್ ಅಲ್ಲಾಡ್ತದ.

40 ಲೀಟರಿನ ಎರಡು ಕ್ಯಾನ್ ತುಂಬಿದರೆ ಹಾಲೇ 80 ಕೆಜಿ ದಾಟುತ್ತದೆ. ಕ್ಯಾನನ್ನು ಆದಷ್ಟು ಮುಂದಕ್ಕೆ, ಕೆಳಕ್ಕೆ ಕಟ್ಟಿ. ಹಿಂದಿನ ಆಕ್ಸಲಿನ ಹಿಂದೆ ಭಾರ ಜೋತುಬಿದ್ದಷ್ಟೂ ಮುಂಭಾಗ ಏಳುತ್ತದೆ. ಎರಡೂ ಶಾಕಪ್ಪಿನ ಕಟ್ಟು ಒಂದೇ ಮಟ್ಟಕ್ಕೆ, ಕೊನೆಯ ಹಂತಕ್ಕೆ ಏರಿಸಿ. ಹಿಂದಿನ ಟೈರಿಗೆ ಡಬಲ್ ಸೀಟಿನ ಹವಾ. ಮುಚ್ಚಳದವರೆಗೆ ತುಂಬಿದ ಹಾಲು ಕುಲುಕುವುದಿಲ್ಲ, ಅರ್ಧ ತುಂಬಿದ ಕ್ಯಾನೇ ಹ್ಯಾಂಡಲ್ ಅಲ್ಲಾಡಿಸುವುದು. ಒಂದು ಖಾಲಿ, ಒಂದು ತುಂಬಿದ್ದು ಇರುವ ಹಾಗೆ ಹಾಲು ಅಳೆಯಬೇಡಿ, ಎರಡರಿಂದಲೂ ಸಮ ತೆಗೆಯಿರಿ. ಭಾರ ಇಳಿಸಿ ಮನೆಗೆ ಬರುವ ಮೊದಲು ಕಟ್ಟು ಮತ್ತೆ ಇಳಿಸಿದರೆ ಸೊಂಟಕ್ಕೂ ಒಳ್ಳೆಯದು.

ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ರೋಡಿನ್ಯಾಗ ಮೊದಲ್ನೇ ತಗ್ಗು ಗೊತ್ತಾಗಂಗಿಲ್ಲ, ಮೂರು ನಾಕು ಆದ ಮ್ಯಾಲೆ ಬೆನ್ನಿಗೆ ಹೊಡೀತದ. ಶಾಕಪ್ ಬಿರುಸಾಗೇತೇನು?

ಇಷ್ಟು ಸರಿಯಾಗಿ ಗಮನಿಸಿ ಕೇಳಿದವರು ಮುಧೋಳದ ಒಬ್ಬ ಹುಡುಗ. ಉತ್ತರ ಅವನ ಮಾತಿನಲ್ಲೇ ಇದೆ. ಮೊದಲ ತಗ್ಗಿಗೆ ಶಾಕಪ್ ಕುಗ್ಗುತ್ತದೆ. ಅದು ಮೇಲೇಳುವುದು ನಿಧಾನವಾದರೆ, ಪೂರ್ತಿ ಏಳುವ ಮೊದಲೇ ಎರಡನೇ ತಗ್ಗು ಬಂತು. ಮತ್ತೆ ಕುಗ್ಗಿತು. ನಾಲ್ಕನೇ ತಗ್ಗಿನ ಹೊತ್ತಿಗೆ ಕುಗ್ಗಲು ಜಾಗವೇ ಇಲ್ಲ, ಪೆಟ್ಟು ನೇರ ಬೆನ್ನಿಗೆ. ಅಂದರೆ ಮೇಲೇಳುವುದನ್ನು ತಡೆಯುವ ರಿಬೌಂಡ್ ಜಾಸ್ತಿ ಬಿಗಿ ಇದೆ.

ನಮ್ಮ ನೆಲಕ್ಕೆ ಇದು ಬಹಳ ಮುಖ್ಯ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಅದರ ಮೇಲೆ ಎರಡೆರಡು ಟ್ರೇಲರ್ ಕಬ್ಬು. ಹೊಡೆತ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಇಲ್ಲಿ ಶಾಕಪ್ ಬೇಗ ಏಳಬೇಕು.

ರಿಬೌಂಡ್ ಸ್ಕ್ರೂ ಇರುವ ಗಾಡಿಯಲ್ಲಿ, ಪೂರ್ತಿ ಮುಚ್ಚಿ ಎಷ್ಟು ಕ್ಲಿಕ್ ಇತ್ತು ಅಂತ ಬರೆದಿಟ್ಟುಕೊಳ್ಳಿ. ಮತ್ತೆ ಅಷ್ಟೇ ಕ್ಲಿಕ್‌ಗೆ ವಾಪಸ್ ತಂದು, ಅಲ್ಲಿಂದ ಇನ್ನೂ ಎರಡು ಕ್ಲಿಕ್ ಬಿಚ್ಚಿ ಅದೇ ರಸ್ತೆಯಲ್ಲಿ ಓಡಿಸಿ. ಜಾಸ್ತಿ ಬಿಚ್ಚಿದರೆ ಗಾಡಿ ತಗ್ಗಿನ ನಂತರ ಎರಡು ಮೂರು ಸಲ ತೂಗುತ್ತದೆ, ಆಗ ಒಂದು ಕ್ಲಿಕ್ ವಾಪಸ್. ಸ್ಕ್ರೂ ಇಲ್ಲದ ಸಾದಾ ಗಾಡಿಯಲ್ಲಿ ಮುಂದಿನ ಫೋರ್ಕಿಗೆ ಯಾರೋ ದಪ್ಪ ಆಯಿಲ್ ಹಾಕಿದ್ದಾರಾ ನೋಡಿ.

ಫೋರ್ಕ್ ಆಯಿಲ್ ಎಷ್ಟು ಹಾಕ್ಬೇಕು? ಸೀಲ್ ಮತ್ತ ಮತ್ತ ಯಾಕ ಸೋರ್ತದ?

ಎರಡೂ ಕಾಲಿಗೆ ಒಂದೇ ಮಟ್ಟ. ಅಳತೆ ಬಾಟಲಿಗಿಂತ ಮಟ್ಟ ಮುಖ್ಯ. ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಕುಗ್ಗಿಸಿ, ಮೇಲಿನ ಅಂಚಿನಿಂದ ಆಯಿಲ್‌ವರೆಗೆ ಎಷ್ಟು ಅಂತ ಅಳೆಯಬೇಕು. ಮೇಲೆ ಉಳಿಯುವ ಗಾಳಿಯೂ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಬ್ರೇಕ್ ಹಿಡಿದಾಗ ಫೋರ್ಕ್ ಪೂರ್ತಿ ತಳ ಹೊಡೆಯುತ್ತಿದ್ದರೆ 5ರಿಂದ 10 ಮಿಲಿಮೀಟರ್ ಆಯಿಲ್ ಏರಿಸಿ ನೋಡಿ.

ಸೀಲ್ ಸೋರಲು ಬಹಳ ಸಲ ಒಣಗಿದ ಮಣ್ಣೇ ಕಾರಣ. ಹೊಲದಿಂದ ಬಂದ ಕೂಡಲೇ ಫೋರ್ಕ್ ಪೈಪನ್ನು ಒದ್ದೆ ಬಟ್ಟೆಯಿಂದ ಒರೆಸಿ. ಸೋರಲು ಶುರುವಾದರೆ ಮೇಲಿನ ಧೂಳಿನ ರಬ್ಬರ್ ಎತ್ತಿ, ಹಳೆಯ ಎಕ್ಸ್‌ರೇ ಫಿಲ್ಮಿನ ತುಂಡಿನಿಂದ ಸೀಲಿನ ತುಟಿ ಸವರಿ. ಅರ್ಧ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಚೋರ್ಲಾ ಘಾಟಿನ್ಯಾಗ ತಿರುವಿಗೆ ಗಾಡಿ ಲಗೂನ ತಿರಗಂಗಿಲ್ಲ.

ಮೊದಲು ಹಿಂದಿನ ಕಟ್ಟು ಒಂದು ಹಂತ ಏರಿಸಿ. ಹಿಂಭಾಗ ಎದ್ದಾಗ ಮುಂದಿನ ಫೋರ್ಕ್ ನೆಟ್ಟಗಾಗಿ ಗಾಡಿ ಬೇಗ ತಿರುಗುತ್ತದೆ. ಸಾಲದಿದ್ದರೆ ಫೋರ್ಕ್ ಪೈಪನ್ನು ಕ್ಲ್ಯಾಂಪಿನೊಳಗೆ 5 ಮಿಲಿಮೀಟರ್ ಮೇಲಕ್ಕೆ ಸರಿಸಬಹುದು. ಅದಕ್ಕಿಂತ ಜಾಸ್ತಿ ಒಮ್ಮೆಲೇ ಬೇಡ, ನೇರ ಹೈವೇಯಲ್ಲಿ ಹ್ಯಾಂಡಲ್ ನಡುಗುತ್ತದೆ. ಮಳೆಗಾಲದಲ್ಲಿ ಇದ್ಯಾವುದಕ್ಕಿಂತಲೂ ಟೈರಿನ ಗೀರಿನ ಆಳವೇ ದೊಡ್ಡದು.

ನಮ್ಮ ಹತ್ರ ಡೈನೋ ಇಲ್ಲ. ಮಾಡಿದ್ದು ಫಾಯ್ದೆ ಆತೋ ಇಲ್ಲೋ ಹೆಂಗ ತಿಳೀಬೇಕು?

ಒಂದು ಸಲಕ್ಕೆ ಒಂದೇ ಬದಲಾವಣೆ. ಜೆಟ್ಟೂ ಫಿಲ್ಟರೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ, ಅಲ್ವಾ?

ಜನ ಇಲ್ಲದ, ಸಪಾಟಾದ, ಎದುರು ದೂರದವರೆಗೆ ಕಾಣುವ ರಸ್ತೆ ಹುಡುಕಿಕೊಳ್ಳಿ. ಬೆಳಗಿನ ಹೊತ್ತು ಹೋಗಿ. ಒಂದೇ ಗೇರಿನಲ್ಲಿ, ಎಕ್ಸಲೇಟರ್ ಪೂರ್ತಿ ಕೊಟ್ಟು 40ರಿಂದ 70ಕ್ಕೆ ಏರಲು ಎಷ್ಟು ಸೆಕೆಂಡ್ ಬೇಕು ನೋಡಿ. ಸ್ಪೀಡೋಮೀಟರ್ ಕಾಣುವ ಹಾಗೆ ಫೋನನ್ನು ಗಟ್ಟಿಯಾಗಿ ಕಟ್ಟಿ ವಿಡಿಯೋ ಮಾಡಿ, ಮನೆಗೆ ಬಂದು ಎಣಿಸಿ. ಓಡಿಸುವಾಗ ಗಡಿಯಾರ ನೋಡಬೇಡಿ. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ ಮಾಡಿದರೆ ಗಾಳಿ, ಇಳಿಜಾರಿನ ವ್ಯತ್ಯಾಸ ಕಳೆಯುತ್ತದೆ. ಅದೇ ಸವಾರ, ಅಷ್ಟೇ ಪೆಟ್ರೋಲ್, ಅಷ್ಟೇ ಹವಾ.

ಫೋರ್ಕಿಗೆ ಇನ್ನೂ ಸುಲಭ. ಪೈಪಿಗೆ ಒಂದು ಸಣ್ಣ ಪ್ಲಾಸ್ಟಿಕ್ ಟ್ಯಾಗ್ ಬಿಗಿದು ಸೀಲಿನವರೆಗೆ ತಳ್ಳಿ. ಓಡಿಸಿ ಬಂದಾಗ ಅದು ಎಲ್ಲಿ ನಿಂತಿದೆಯೋ ಅಷ್ಟು ಫೋರ್ಕ್ ಕುಗ್ಗಿದೆ. ಕೊನೆಯ ತುದಿಯಲ್ಲಿ ಒಂದು ಬೆರಳಿನಷ್ಟು ಜಾಗ ಉಳಿದಿದ್ದರೆ ಸರಿ. ಎಷ್ಟು ಉಳಿಯಿತು ಅಂತ, ತಾರೀಕು ಮತ್ತು ರಸ್ತೆಯ ಹೆಸರಿನ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಹತ್ತಿರ ಗಾಡಿ ತರುವಾಗ ಆ ನೋಟ್‌ಬುಕ್ ಕೂಡ ತನ್ನಿ.